ಕಡಲಿಲ್ಲದ ಹಾಸನಕ್ಕೆ ಕಡಲ ನಕ್ಷೆ ಯಾಕೆ?

ಬೇಲೂರಿನ ಓದುಗರೊಬ್ಬರು ಖಾರವಾಗಿಯೇ ಬರೆದಿದ್ದಾರೆ: ‘ಕಳೆದ ಸಂಚಿಕೆಯಲ್ಲಿ ನೌಕಾನಕ್ಷೆಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಕಾಫಿ, ಮೆಣಸಿನ ನಾಡಿಗೆ ಅದು ಯಾಕೆ? ಉಪಗ್ರಹಗಳನ್ನು ಹಾಸನದಿಂದಲೇ ನಿಯಂತ್ರಿಸುವ ಕಾಲದಲ್ಲಿ ಇನ್ನೂ ದೋಣಿ ಹತ್ತಿ ಆಳ ಅಳೆಯುವುದು ಹಳೇ ಹಟವಲ್ಲವೇ?’

ನಮ್ಮೂರ ಮುಖ್ಯ ನಿಯಂತ್ರಣ ಕೇಂದ್ರದ ಬಗ್ಗೆ ನಿಮಗಿರುವ ಹೆಮ್ಮೆ ನಮಗೂ ಇದೆ. ದೋಣಿ ಎಲ್ಲಿದೆ ಎಂದು ಹೇಳುವುದು ಉಪಗ್ರಹವೇ. ತಿಳಿನೀರಿದ್ದರೆ ಹತ್ತಿಪ್ಪತ್ತು ಮೀಟರ್ ಆಳವನ್ನು ಚಿತ್ರ ನೋಡಿ ಅಂದಾಜು ಮಾಡಲೂಬಹುದು. ಅಲ್ಲಿಗೆ ಅದರ ಆಟ ಮುಗಿಯಿತು. ರೇಡಿಯೊ ಅಲೆ ನೀರಿಗೆ ಬಿದ್ದ ಕೂಡಲೇ ಸಾಯುತ್ತದೆ, ಬೆಳಕು ಕೆಸರಲ್ಲಿ ಕುರುಡು. ತಳ ಮುಟ್ಟಿ ಮರಳುವುದು ಸದ್ದೊಂದೇ.

ಆ ಸದ್ದನ್ನೂ ಸುಮ್ಮನೆ ನಂಬುವಂತಿಲ್ಲ ಸ್ವಾಮಿ. 28 ಡಿಗ್ರಿಯ ಕಡಲ ನೀರಿನಲ್ಲಿ ಅದು ಸೆಕೆಂಡಿಗೆ ಸುಮಾರು 1,540 ಮೀಟರ್ ಓಡುತ್ತದೆ. 24 ಡಿಗ್ರಿಯ ಸಿಹಿನೀರಿನಲ್ಲಿ ಸುಮಾರು 1,494. ಸದ್ದು ತಳಕ್ಕೆ ಹೋಗಿ ಬರುವ ಹೊತ್ತಿನಿಂದ ಆಳ ಹೇಳುವ ಯಂತ್ರವೇ ಎಕೋ ಸೌಂಡರ್. ಮಂಗಳೂರಿನ ಕಡಲಲ್ಲಿ ಬಳಸಿದ ಅದನ್ನು ಅದೇ ಸೆಟ್ಟಿಂಗ್‌ನಲ್ಲಿ ಗೊರೂರಿನ ಹಿನ್ನೀರಿಗೆ ತಂದರೆ 20 ಮೀಟರ್ ಆಳವನ್ನು 20.6 ಅನ್ನುತ್ತದೆ. 60 ಸೆಂಟಿಮೀಟರ್ ಹೂಳು ಕಾಗದದ ಮೇಲೆ ಮಾಯ! ಅದಕ್ಕೇ ಬಾರ್ ಚೆಕ್ ಅಂತ ಒಂದಿದೆ. ಅಳತೆಯ ಗುರುತಿರುವ ಎರಡು ಸರಪಳಿಗೆ ಕಬ್ಬಿಣದ ಪಟ್ಟಿ ಕಟ್ಟಿ, ಸದ್ದು ಬಿಟ್ಟು ಕೇಳಿಸಿಕೊಳ್ಳುವ ಸಂವೇದಕದ ನೇರ ಕೆಳಗೆ 2, 4, 6 ಮೀಟರಿಗೆ ಇಳಿಸುತ್ತ ಪ್ರತಿ ಸಲವೂ ಪರದೆ ನೋಡುತ್ತಾರೆ. ಎಲ್ಲ ಆಳದಲ್ಲೂ ಒಂದೇ ಸಮ 10 ಸೆಂಟಿಮೀಟರ್ ವ್ಯತ್ಯಾಸವಿದ್ದರೆ, ಸಂವೇದಕ ಎಷ್ಟು ಮುಳುಗಿದೆ ಎಂದು ಬರೆದುಕೊಂಡದ್ದು ತಪ್ಪು. ಇಳಿದಂತೆಲ್ಲ ವ್ಯತ್ಯಾಸ ಬೆಳೆದರೆ ಸದ್ದಿನ ವೇಗ ತಪ್ಪು. ಬೆಳಗಿನ ಈ ಕೆಲಸ ತಪ್ಪಿಸಿದವರು ನಕ್ಷೆಗೆ ಎಷ್ಟು ಬಣ್ಣ ಬಳಿದರೇನು?

ಕೆಸರಿನ ವಿಷಯಕ್ಕೆ ಬಂದರೆ ಯಂತ್ರಕ್ಕೆ ಎರಡು ನಾಲಗೆ. 200 ಕಿಲೋಹರ್ಟ್ಸ್ ಸದ್ದು ಮೆತ್ತನೆ ಕೆಸರಿನ ಮೇಲಿಂದಲೇ ಪುಟಿಯುತ್ತದೆ. 33 ಕಿಲೋಹರ್ಟ್ಸ್ ಅದನ್ನು ತೂರಿ ಗಟ್ಟಿ ಪದರ ಮುಟ್ಟುತ್ತದೆ. ಹಿಂದೆ ಹಗ್ಗಕ್ಕೆ ಕಟ್ಟಿ ಆಳ ಅಳೆಯುತ್ತಿದ್ದ ಸೀಸದ ಗುಂಡಿನ ಮೇಲೆ ನಮಗೆ ಪ್ರೀತಿ ಅದಕ್ಕೇ. ಅದರ ಬುಡದ ಕುಳಿಯಲ್ಲಿ ಕೊಬ್ಬು ಮೆತ್ತಿ ಇಳಿಬಿಟ್ಟರೆ ತಳದ ಮರಳೋ ಕೆಸರೋ ಅಂಟಿಕೊಂಡೇ ಮೇಲೆ ಬರುತ್ತಿತ್ತು. ಆ ಕಾಲದ ನಾವಿಕರ ಅಳತೆಯಾದ ಫ್ಯಾದಮ್ ಅಂದರೆ ನಮ್ಮ ಹೂ ಮಾರುವವಳ ಮಾರೇ: ಎರಡೂ ಕೈ ಚಾಚಿದಷ್ಟು, ಆರಡಿ. 1875ರಲ್ಲಿ ಚಾಲೆಂಜರ್ ಹಡಗು ಪೆಸಿಫಿಕ್‌ನಲ್ಲಿ 4,475 ಮಾರು ಆಳ ಕಂಡದ್ದು ಹಗ್ಗ ಬಿಟ್ಟೇ.

ಗುಂಡು ಬಿದ್ದ ಜಾಗವಷ್ಟೇ ಗೊತ್ತಾಗುತ್ತಿತ್ತು ಅನ್ನುತ್ತೀರಿ. ನಿಜ, ಆದರೆ ದೋಣಿಯ ಕೆಳಕ್ಕೆ ಸದ್ದಿನ ಒಂದೇ ಕಿರಣ ಬಿಡುವ ಯಂತ್ರವೂ ಬಹಳ ಮೇಲೇನಲ್ಲ. 8 ಡಿಗ್ರಿ ಕಿರಣ 10 ಮೀಟರ್ ಆಳದಲ್ಲಿ ಕಾಣುವುದು 1.4 ಮೀಟರ್ ಅಗಲ. 50 ಮೀಟರಿಗೊಂದು ಗೆರೆ ಹಿಡಿದು ದೋಣಿ ಓಡಿಸಿದರೆ ಉಳಿದ 48 ಮೀಟರಿನಷ್ಟೂ ಊಹೆ. ಗೊರೂರಿನ ಹಿನ್ನೀರಿನಲ್ಲಿ ಮುಳುಗಿದ ಶೆಟ್ಟಿಹಳ್ಳಿ ಚರ್ಚಿನ ಒಂಟಿ ಗೋಡೆಯೊಂದು ಆ ನಡುವೆ ನಿಂತಿದ್ದರೆ ದಾಖಲೆಯಲ್ಲಿ ಅದು ಇಲ್ಲವೇ ಇಲ್ಲ. 1992ರಲ್ಲಿ ಕ್ವೀನ್ ಎಲಿಜಬೆತ್ 2 ಹಡಗು ಅಮೆರಿಕದ ಮ್ಯಾಸಚೂಸೆಟ್ಸ್ ತೀರದಲ್ಲಿ ಬಂಡೆಗೆ ಹೊಟ್ಟೆ ಉಜ್ಜಿಕೊಂಡಿತಲ್ಲ, ಅಲ್ಲಿನ ಅಳತೆ 1939ರದು.

ನೌಕಾನಕ್ಷೆಯನ್ನು ನಾವು ತಲೆ ಮೇಲೆ ಹೊತ್ತುಕೊಳ್ಳುವ ಕಾರಣ ಬೇರೆ. ಯಾವ ತುಂಡನ್ನು ಯಾವ ವರ್ಷ, ಯಾವ ವಿಧಾನದಲ್ಲಿ ಅಳೆದದ್ದು ಎಂದು ಅದು ಮೂಲೆಯಲ್ಲೊಂದು ಪುಟ್ಟ ಚಿತ್ರ ಬರೆದು ಒಪ್ಪಿಸುತ್ತದೆ. ನಮ್ಮ ಕೆರೆಕಟ್ಟೆಗಳ ಫಲಕಗಳಲ್ಲಿ ಅದೆಲ್ಲಿ? ಕಟ್ಟಿದ ವರ್ಷದ ಸಾಮರ್ಥ್ಯವನ್ನೇ ಮೊಮ್ಮಕ್ಕಳ ಕಾಲಕ್ಕೂ ಓದುತ್ತೇವೆ. ತುಂಗಭದ್ರೆಯಲ್ಲಿ ಮತ್ತೆ ಮತ್ತೆ ಅಳೆದದ್ದರಿಂದಲೇ 133 ಟಿಎಂಸಿ ಎಂದಿದ್ದದ್ದು 105ರ ಆಸುಪಾಸಿಗೆ ಇಳಿದದ್ದು ಗೊತ್ತಾಯಿತು. ಅಳೆಯದೆಯೇ ನೀರು ಹಂಚಲು ಕೂತವರ ಜಗಳ ಯಾವ ಕೋರ್ಟಿನಲ್ಲಿ ತೀರೀತು?

ಕಡಲಿಲ್ಲ ಅಂದಿರಿ. ನಿಮ್ಮ ಬೇಲೂರಿನಲ್ಲೇ ವಿಷ್ಣುಸಮುದ್ರವೆಂಬ ಕೆರೆಯಿದೆ! ಹಗ್ಗ ತಂದರೆ ಮೊದಲು ನೆನೆಸಿ, ಎಳೆದು, ಆಮೇಲೆ ಮಾರಿಗೊಂದು ಗಂಟು ಹಾಕಿ. ಒಣ ಹಗ್ಗಕ್ಕೆ ಹಾಕಿದ ಗಂಟು ನೀರಲ್ಲಿ ಹತ್ತಿರ ಬರುತ್ತದೆ. ಆ ದಿನದ ನೀರಿನ ಮಟ್ಟವನ್ನು ಮೆಟ್ಟಿಲಿನ ಮೇಲೆ ಗುರುತು ಮಾಡಿ, ತಾರೀಖಿನ ಸಮೇತ ಬರೆದು ಕಳಿಸಿ. ಅಚ್ಚು ಹಾಕುತ್ತೇವೆ.