ಓದುಗರ ಪ್ರಶ್ನೆ: ಹಿನ್ನೆಲೆ ಸೇವೆಗಳು ಯಾರ ಖಾತೆಯಲ್ಲಿ ಓಡಬೇಕು?

ಪ್ರಶ್ನೆ: ನಮ್ಮ ಲೆಕ್ಕಪತ್ರ ತಂತ್ರಾಂಶದ ಬಿಲ್ ಮುದ್ರಣ, ರಾತ್ರಿಯ ಬ್ಯಾಕಪ್, ಬ್ಯಾಂಕ್ ವಿವರಗಳ ಆಮದು ಎಂಬ ಮೂರು ಸೇವೆಗಳು ವಿಂಡೋಸ್ ಸರ್ವರ್‌ನಲ್ಲಿ ಸಿಸ್ಟಂ ಆಡಳಿತಗಾರರ ಸ್ವಂತ ಖಾತೆಯಲ್ಲೇ ಓಡುತ್ತಿದ್ದವು. ಅವರು ಪಾಸ್‌ವರ್ಡ್ ಬದಲಿಸಿ ಕೆಲವು ದಿನಗಳಾದ ಮೇಲೆ ಮೂರೂ ನಿಂತುಹೋದವು. ಈಗ ಡೊಮೇನ್ (ಸಂಸ್ಥೆಯ ಯಂತ್ರಗಳನ್ನೂ ಖಾತೆಗಳನ್ನೂ ಒಟ್ಟಾಗಿ ನಿರ್ವಹಿಸುವ ಜಾಲ) ಆಡಳಿತಗಾರರ ಹಕ್ಕುಳ್ಳ ಒಂದೇ ಖಾತೆ ತೆರೆದು ಎಲ್ಲಕ್ಕೂ ಅದನ್ನೇ ಕೊಡೋಣ ಎಂಬ ಸಲಹೆ ಬಂದಿದೆ. ಇದು ಸರಿಯೇ?

ಉತ್ತರ: ವ್ಯಕ್ತಿಯ ಖಾತೆಯಿಂದ ಸೇವೆಗಳನ್ನು ಬಿಡಿಸುವುದು ಸರಿ, ಉಳಿದದ್ದು ಸರಿಯಲ್ಲ. ಸೇವೆಯೊಂದು ಲಾಗಿನ್ ಆಗುವುದು ಅದು ಆರಂಭವಾಗುವಾಗ ಮಾತ್ರ. ಆದ್ದರಿಂದ ಪಾಸ್‌ವರ್ಡ್ ಬದಲಾದ ದಿನ ಏನೂ ಆಗದೆ, ಸರ್ವರ್ ಮರುಚಾಲನೆಯಾದ ದಿನ 1069 ಎಂಬ ದೋಷಸಂಖ್ಯೆಯೊಂದಿಗೆ ಸೇವೆ ನಿಲ್ಲುತ್ತದೆ. ಕಾರಣಕ್ಕೂ ಪರಿಣಾಮಕ್ಕೂ ನಡುವೆ ಇಷ್ಟು ಅಂತರವಿರುವುದರಿಂದಲೇ ಇಂಥ ತೊಂದರೆಯ ಮೂಲ ಬೇಗ ಕೈಗೆ ಸಿಗುವುದಿಲ್ಲ.

ಡೊಮೇನ್ ಆಡಳಿತಗಾರರ ಹಕ್ಕನ್ನು ಏಕೆ ಕೊಡಬಾರದು ಎಂಬುದಕ್ಕೆ ಬಲವಾದ ಕಾರಣವಿದೆ. ಸೇವೆಗೆ ಸಾಮಾನ್ಯ ಡೊಮೇನ್ ಖಾತೆಯನ್ನು ಕೊಟ್ಟರೆ ಅದರ ಪಾಸ್‌ವರ್ಡನ್ನು ವಿಂಡೋಸ್ ಆ ಸರ್ವರ್‌ನಲ್ಲೇ ಗೂಢಲಿಪಿಯಲ್ಲಿ ಇಟ್ಟುಕೊಳ್ಳುತ್ತದೆ. ಆ ಒಂದು ಯಂತ್ರದ ಆಡಳಿತ ಹಕ್ಕು ಯಾರ ಕೈಗೆ ಸಿಕ್ಕಿದರೂ ಅವರು ಅದನ್ನು ಬಿಡಿಸಿ ಓದಬಲ್ಲರು. ಅಂದರೆ ಬಿಲ್ ಮುದ್ರಿಸುವ ಯಂತ್ರದೊಳಗೆ ನುಗ್ಗಿದವನಿಗೆ ಇಡೀ ಸಂಸ್ಥೆಯ ಜಾಲವೇ ವಶವಾಗುತ್ತದೆ. ವಿಂಡೋಸ್‌ನಲ್ಲೇ ಅಡಕವಾಗಿರುವ ಲೋಕಲ್ ಸಿಸ್ಟಂ ಖಾತೆಯನ್ನು ಬಳಸೋಣವೆಂದರೆ, ಅದಕ್ಕೆ ಪಾಸ್‌ವರ್ಡ್ ಕಾಟವಿಲ್ಲದಿದ್ದರೂ ಆ ಯಂತ್ರದಲ್ಲಿ ಅದಕ್ಕೆ ಬಹುಮಟ್ಟಿಗೆ ತಡೆಯೇ ಇಲ್ಲ.

ಒಂದು ಕೆಲಸಕ್ಕೆ ಒಂದು ಖಾತೆ ಇರಲಿ, ಆ ಕೆಲಸಕ್ಕೆ ಬೇಕಾದಷ್ಟೇ ಹಕ್ಕು ಅದಕ್ಕಿರಲಿ. ನಿಮ್ಮ ಮುದ್ರಣ ಸೇವೆ ಅದೇ ಯಂತ್ರದೊಳಗಿನ ಕೆಲಸವಾಗಿದ್ದರೆ, ವಿಂಡೋಸ್ 7 ಮತ್ತು ಸರ್ವರ್ 2008 ಆರ್2 ಕಾಲದಿಂದ ಲಭ್ಯವಿರುವ ವರ್ಚುವಲ್ ಖಾತೆ (ಸೇವೆಯ ಹೆಸರಿನಲ್ಲಿ ವಿಂಡೋಸೇ ನಿರ್ವಹಿಸುವ ಸ್ಥಳೀಯ ಖಾತೆ) ಸಾಕು. ಅದಕ್ಕೆ ನೀವು ನಿರ್ವಹಿಸಬೇಕಾದ ಪಾಸ್‌ವರ್ಡೇ ಇರುವುದಿಲ್ಲ. ಬ್ಯಾಕಪ್ ಖಾತೆಗೆ ಗುರಿ ಫೋಲ್ಡರ್‌ನಲ್ಲಿ ಬರೆಯುವ ಹಕ್ಕು ಬೇಕು, ಹಳೆಯ ಪ್ರತಿಗಳನ್ನು ಅಳಿಸುವ ಹಕ್ಕು ಸಾಮಾನ್ಯವಾಗಿ ಬೇಕಿಲ್ಲ. ಆಮದು ಸೇವೆಗೆ ಒಂದು ಫೋಲ್ಡರನ್ನು ಓದುವ, ಡೇಟಾಬೇಸಿನ ಕೆಲವೇ ಕೋಷ್ಟಕಗಳಿಗೆ ಬರೆಯುವ ಅನುಮತಿ ಕೊಡಿ. ಡೇಟಾಬೇಸಿನ ಒಡೆತನ ಬೇಡ. ಈ ಖಾತೆಗಳಿಗೆ ‘ಲಾಗ್ ಆನ್ ಆಸ್ ಎ ಸರ್ವೀಸ್’ (ಸೇವೆಯಾಗಿ ಲಾಗಿನ್ ಆಗುವ) ಹಕ್ಕನ್ನು ಕೊಟ್ಟು, ಯಂತ್ರದ ಮುಂದೆ ಕುಳಿತು ಲಾಗಿನ್ ಆಗುವುದನ್ನೂ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಬರುವುದನ್ನೂ ನಿರಾಕರಿಸಿ.

ಬೇಕಾದ ಅನುಮತಿಗಳು ಯಾವುವು ಎಂದು ತಿಳಿಯಲು ಪರೀಕ್ಷಾ ಸರ್ವರ್‌ನಲ್ಲಿ ಏನೂ ಹಕ್ಕಿಲ್ಲದ ಖಾತೆಯಿಂದ ಆರಂಭಿಸಿ, ಲಾಗ್‌ನಲ್ಲಿ ಕಾಣುವ ಒಂದೊಂದು ನಿರಾಕರಣೆಯನ್ನೂ ಓದಿ, ಒಂದೊಂದಾಗಿ ಕೊಡುತ್ತಾ ಹೋಗಿ. ಬೇಸರದ ಕೆಲಸವೇ ಸರಿ. ‘ಆಡಳಿತಗಾರರ ಹಕ್ಕು ಕೊಡಿ’ ಎಂದು ತಂತ್ರಾಂಶದ ಕೈಪಿಡಿಯಲ್ಲಿ ಬರೆದಿದ್ದರೂ ಅದನ್ನು ಹಾಗೆಯೇ ನಂಬಬೇಡಿ. ಅಂಥ ಸಾಲುಗಳನ್ನು ಎಷ್ಟೋ ಸಲ ಬರೆಯುವುದು ಸಹಾಯವಾಣಿಗೆ ಬರುವ ಕರೆಗಳನ್ನು ತಗ್ಗಿಸಲು ಎಂದೇ ನನ್ನ ಎಣಿಕೆ. ಇನ್ನೊಂದು ಮಾತು: ನಿಮ್ಮ ಡೇಟಾಬೇಸ್ ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಆಗಿದ್ದು ಅದರ ಸೇವಾ ಖಾತೆಯನ್ನೂ ಬದಲಿಸುವುದಾದರೆ, ಅದರದೇ ಕಾನ್ಫಿಗರೇಶನ್ ಮ್ಯಾನೇಜರ್ ಮೂಲಕ ಬದಲಿಸಿ, ಅಗತ್ಯವಾದ ಅನುಮತಿಗಳನ್ನು ಹೊಸ ಖಾತೆಗೆ ಅದೇ ಹೊಂದಿಸುತ್ತದೆ.

ಪ್ರಶ್ನೆ: ಸೇವಾ ಖಾತೆಗೆ ‘ಪಾಸ್‌ವರ್ಡ್ ಅವಧಿ ಎಂದೂ ಮುಗಿಯದು’ ಎಂದು ಗುರುತು ಹಾಕಿದರೆ ತಪ್ಪೇ?

ಉತ್ತರ: ಸೇವೆ ನಿಲ್ಲದಿರಲು ಅದು ಸುಲಭದ ದಾರಿ, ಆದರೆ ಅಪಾಯದ ದಾರಿ. ಸರ್ವೀಸ್ ಪ್ರಿನ್ಸಿಪಲ್ ನೇಮ್ (ಜಾಲದಲ್ಲಿ ಸೇವೆಯನ್ನು ಗುರುತಿಸುವ ಹೆಸರು) ಜೋಡಿಸಿರುವ ಖಾತೆಯ ಸೇವೆಗಾಗಿ ಡೊಮೇನಿನ ಯಾವ ಸಾಮಾನ್ಯ ಬಳಕೆದಾರನೂ ಕರ್ಬರೋಸ್ ಟಿಕೆಟ್ (ವಿಂಡೋಸ್ ಡೊಮೇನಿನಲ್ಲಿ ಗುರುತು ಸಾಬೀತುಪಡಿಸುವ ಡಿಜಿಟಲ್ ಚೀಟಿ) ಕೇಳಿ ಪಡೆಯಬಹುದು. ಆ ಟಿಕೆಟ್ಟಿನ ಒಂದು ಭಾಗವನ್ನು ಖಾತೆಯ ಪಾಸ್‌ವರ್ಡಿನಿಂದ ಹುಟ್ಟಿದ ಕೀಲಿಯಿಂದಲೇ ಮುಚ್ಚಿರುವುದರಿಂದ, ಅದನ್ನು ಬೇರೆಡೆಗೆ ಒಯ್ದು ಬಿಡುವಾಗಿ ಪಾಸ್‌ವರ್ಡನ್ನು ಊಹಿಸುತ್ತಾ ಕೂರಬಹುದು. 2014ರಿಂದ ಬಹಿರಂಗವಾಗಿರುವ ಈ ದಾಳಿಗೆ ಕರ್ಬರೋಸ್ಟಿಂಗ್ ಎನ್ನುತ್ತಾರೆ. ವರ್ಷಗಟ್ಟಲೆ ಬದಲಾಗದ ಸಣ್ಣ ಪಾಸ್‌ವರ್ಡ್ ಇದ್ದರೆ ಊಹಿಸುವವನಿಗೆ ಬೇಕಾದಷ್ಟು ಸಮಯ ಸಿಕ್ಕಂತಾಯಿತು.

ಇದಕ್ಕೆ ತಕ್ಕ ಉತ್ತರ ವಿಂಡೋಸ್ ಸರ್ವರ್ 2012ರಲ್ಲಿ ಬಂದ ಗ್ರೂಪ್ ಮ್ಯಾನೇಜ್ಡ್ ಸರ್ವೀಸ್ ಅಕೌಂಟ್. ಅದರ 240 ಬೈಟ್‌ಗಳ ಪಾಸ್‌ವರ್ಡನ್ನು ಡೊಮೇನೇ ಸೃಷ್ಟಿಸುತ್ತದೆ. ಬೇರೆ ಅವಧಿ ನಿಗದಿಪಡಿಸದಿದ್ದರೆ 30 ದಿನಗಳಿಗೊಮ್ಮೆ ತಾನೇ ಬದಲಿಸುತ್ತದೆ. ಮನುಷ್ಯರು ಯಾರೂ ಅದನ್ನು ನೆನಪಿಡಬೇಕಿಲ್ಲ. ಇಂಥ ಮೊದಲ ಖಾತೆಗೆ ಮುನ್ನ ಡೊಮೇನಿನಲ್ಲಿ ಕೆಡಿಎಸ್ ರೂಟ್ ಕೀಲಿಯನ್ನು (ಈ ಪಾಸ್‌ವರ್ಡ್‌ಗಳನ್ನು ಹುಟ್ಟಿಸಲು ಬಳಸುವ ಮೂಲ ಕೀಲಿ) ಸೃಷ್ಟಿಸಬೇಕು, ಅದು ಬಳಕೆಗೆ ಸಿದ್ಧವಾಗಲು 10 ಗಂಟೆಗಳವರೆಗೆ ಕಾಯಬೇಕಾಗುತ್ತದೆ. ನಿಮ್ಮ ತಂತ್ರಾಂಶ ಇದಕ್ಕೆ ಒಪ್ಪುತ್ತದೆಯೇ ಎಂದು ಮಾರಾಟಗಾರರನ್ನು ಮೊದಲೇ ಕೇಳಿ. ಒಪ್ಪದಿದ್ದರೆ 25 ಅಕ್ಷರಗಳಿಗೂ ಉದ್ದದ, ಯಾದೃಚ್ಛಿಕ ಪಾಸ್‌ವರ್ಡನ್ನು ಪಾಸ್‌ವರ್ಡ್ ವಾಲ್ಟ್‌ನಲ್ಲಿ (ಪಾಸ್‌ವರ್ಡ್‌ಗಳನ್ನು ಭದ್ರವಾಗಿಡುವ ತಂತ್ರಾಂಶ) ಇಟ್ಟು, ಯೋಜಿತ ದಿನದಂದು ಬದಲಿಸಿ. ಆಗ ಆ ಖಾತೆ ಬಳಕೆಯಲ್ಲಿರುವ ಎಲ್ಲ ಯಂತ್ರಗಳ ಪಟ್ಟಿ ಕೈಯಲ್ಲಿರಬೇಕು. ಮರೆತುಹೋದ ಒಂದು ಯಂತ್ರ ಹಳೆಯ ಪಾಸ್‌ವರ್ಡಿನಿಂದ ಮತ್ತೆಮತ್ತೆ ಪ್ರಯತ್ನಿಸಿದರೆ ಖಾತೆಯೇ ಲಾಕ್ ಆಗಿ, ಸರಿಯಾಗಿ ಬದಲಿಸಿದ ಸೇವೆಗಳೂ ಮುಂದಿನ ಸಲ ಲಾಗಿನ್ ಆಗಲಾರವು.

ಪ್ರಶ್ನೆ: ಎಸ್‌ಎಪಿ (ಸ್ಯಾಪ್) ಎಂಬ ಉದ್ಯಮ ನಿರ್ವಹಣಾ ತಂತ್ರಾಂಶದಲ್ಲಿ ಹಿನ್ನೆಲೆ ಕೆಲಸಗಳಿಗೆ ‘ಸರ್ವೀಸ್’ ಬಗೆಯ ಬಳಕೆದಾರನನ್ನು ಸೃಷ್ಟಿಸಬೇಕೇ?

ಉತ್ತರ: ಬೇಡ. ಅಲ್ಲಿ ‘ಸರ್ವೀಸ್’ ಬಗೆ ಇರುವುದು ಅನೇಕರು ಹಂಚಿಕೊಂಡು ಬಳಸುವ ಖಾತೆಗಾಗಿ. ಅದರಿಂದ ಪರದೆಯ ಮುಂದೆ ಕುಳಿತು ಲಾಗಿನ್ ಆಗಬಹುದು. ಹಿನ್ನೆಲೆ ಕೆಲಸಕ್ಕೆ ತಕ್ಕದ್ದು ‘ಸಿಸ್ಟಂ’ ಬಗೆ: ಅದರಿಂದ ಪರದೆಯ ಲಾಗಿನ್ ಸಾಧ್ಯವಿಲ್ಲ, ಪಾಸ್‌ವರ್ಡ್ ಬದಲಿಸಬೇಕೆಂಬ ಅವಧಿಯ ನಿಯಮವೂ ಅದಕ್ಕೆ ತಾಗುವುದಿಲ್ಲ. ನಿಗದಿತ ಕೆಲಸದ ಪ್ರತಿ ಹಂತಕ್ಕೂ ಒಬ್ಬ ಬಳಕೆದಾರನ ಹೆಸರು ಅಂಟಿರುವುದರಿಂದ, ಕೆಲಸ ಬಿಟ್ಟ ನೌಕರನ ಖಾತೆಯನ್ನು ಅಳಿಸಿದರೆ ಅವನ ಹೆಸರಿನ ಕೆಲಸಗಳೂ ನಿಲ್ಲುತ್ತವೆ. ಹೊಸ ಖಾತೆಗೆ ಬಹುಮಟ್ಟಿಗೆ ಎಲ್ಲ ಹಕ್ಕುಗಳನ್ನೂ ಕೊಡುವ ‘ಸ್ಯಾಪ್ ಆಲ್’ ಪ್ರೊಫೈಲನ್ನಂತೂ ಕೊಡಬೇಡಿ.

ಪ್ರಶ್ನೆ: ಸೇವಾ ಖಾತೆಯನ್ನು ಯಾರಾದರೂ ಕೈಯಾರೆ ಬಳಸುತ್ತಿದ್ದಾರೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ವಿಂಡೋಸ್‌ನ ಸೆಕ್ಯುರಿಟಿ ಲಾಗ್‌ನಲ್ಲಿ ಯಶಸ್ವಿ ಲಾಗಿನ್‌ಗಳನ್ನು ಸೂಚಿಸುವ 4624 ಸಂಖ್ಯೆಯ ದಾಖಲೆಗಳನ್ನು ಆ ಖಾತೆಯ ಹೆಸರಿನಿಂದ ಸೋಸಿ, ಲಾಗಿನ್ ಬಗೆಯನ್ನು ನೋಡಿ. 5 ಎಂದಿದ್ದರೆ ಸೇವೆ, 4 ಎಂದಿದ್ದರೆ ನಿಗದಿತ ಕೆಲಸ. 3 ಜಾಲದ ಮೂಲಕ ಬಂದ ಸಂಪರ್ಕವಾದ್ದರಿಂದ ಅದು ಯಾವ ಯಂತ್ರದಿಂದ ಬಂದಿದೆ ಎಂಬುದನ್ನೂ ಪರಿಶೀಲಿಸಬೇಕು. 2 (ಯಂತ್ರದ ಮುಂದಿನ ಲಾಗಿನ್) ಅಥವಾ 10 (ರಿಮೋಟ್ ಡೆಸ್ಕ್‌ಟಾಪ್) ಕಂಡರೆ ಸಾಮಾನ್ಯವಾಗಿ ಮನುಷ್ಯರೊಬ್ಬರು ಆ ಹೆಸರಿನಲ್ಲಿ ಕುಳಿತಿದ್ದರೆಂದೇ ಅರ್ಥ. ಆ ದಿನವೇ ಪಾಸ್‌ವರ್ಡ್ ಬದಲಿಸಿ, ಮೊದಲ ಉತ್ತರದಲ್ಲಿ ಹೇಳಿದ ಎರಡೂ ನಿರಾಕರಣೆಗಳನ್ನು ಜಾರಿಗೆ ತನ್ನಿ.