"ಬ್ಯಾನಿ ಇಲ್ರಿ" ಅನ್ನುತ್ತಿದ್ದ ಜಿಮ್ನಾಸ್ಟ್: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಿರಲೆಂದು ಮನೆತನ, ಉದ್ಯೋಗ, ಸ್ಪರ್ಧೆಯ ವಿವರಗಳನ್ನು ಬದಲಿಸಿದೆ. ಬಾಲಕಿಯ ಮತ್ತು ಹೆತ್ತವರ ಒಪ್ಪಿಗೆ ಪಡೆದೇ ಬರೆದಿದೆ.

ಬಾಲಕಿಗೆ 13 ವರ್ಷ, 8ನೇ ತರಗತಿ, ಕಲಬುರಗಿ ನಗರದಲ್ಲಿ ಮನೆ. ಚಿಕ್ಕಂದಿನಿಂದಲೂ ಜಿಮ್ನಾಸ್ಟಿಕ್ಸ್; ವಾರಕ್ಕೆ ಆರು ದಿನ, ದಿನಕ್ಕೆ ಮೂರು ತಾಸು. ತಂದೆ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ, ತಾಯಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಅವರು ಮಗಳನ್ನು ಆಪ್ತಸಲಹೆಗೆ ಕರೆತಂದಾಗ ಭುಜದ ನೋವಿನ ಮಾತೇ ಇರಲಿಲ್ಲ. "ಪ್ರಾಕ್ಟೀಸಿಗೆ ಹೋಗು ಅಂದ್ರ ಹೊಟ್ಟಿ ಬ್ಯಾನಿ ಅಂತಾಳ್ರಿ. ರಾತ್ರಿ ನಿದ್ದಿ ಇಲ್ಲ. ಮಾತಾಡಿಸಿದ್ರ ಸಿಟ್ಟು" ಎಂದರು ತಾಯಿ. ರಾಜ್ಯಮಟ್ಟದ ಆಯ್ಕೆಗೆ ಹತ್ತು ವಾರ ಉಳಿದಿರುವಾಗ ಮಗಳಿಗೆ ಮನಸ್ಸೇ ಇಲ್ಲ ಎಂಬುದು ತಂದೆಯ ದೂರು.

ಒಬ್ಬಳನ್ನೇ ಕೂರಿಸಿಕೊಂಡು "ಎಲ್ಲಾದರೂ ನೋವಿದೆಯಾ?" ಎಂದು ಕೇಳಿದರೆ "ಇಲ್ರಿ ಮೇಡಂ" ಎಂಬ ಉತ್ತರ ಥಟ್ಟನೆ ಬಂತು. ಆದರೆ ಬಲಗೈಯಲ್ಲಿ ಬರೆಯುವ ಹುಡುಗಿ ನೀರಿನ ಬಾಟಲಿಯನ್ನು ಎಡಗೈಯಲ್ಲಿ ಎತ್ತಿದಳು. ಸಡಿಲಾದ ಕ್ಲಿಪ್ಪು ಸಿಕ್ಕಿಸಿಕೊಳ್ಳುವಾಗ ಕೈಯನ್ನು ತಲೆಯತ್ತ ಎತ್ತದೆ, ತಲೆಯನ್ನೇ ಕೈಯ ಕಡೆಗೆ ಬಾಗಿಸಿದಳು. ಸ್ಪರ್ಧೆಗಿಳಿಯುವ ಮಕ್ಕಳನ್ನು ನೋವಿದೆಯೇ ಎಂದು ನೇರವಾಗಿ ಕೇಳಿ ಪ್ರಯೋಜನವಿಲ್ಲ, ಆ ಪ್ರಶ್ನೆಗೆ ಉತ್ತರ ಸಿದ್ಧಪಡಿಸಿಕೊಂಡೇ ಇರುತ್ತಾರೆ. "ಯಾವ ಐಟಂ ಬಂದಾಗ ಸಾಲಿನಾಗ ಹಿಂದ ಸರೀತಿ?" ಎಂದು ಕೇಳಿದ ಮೇಲೆ ಬಾಯಿ ಬಿಟ್ಟಳು. "ಬಾರ್ಸ್ ರೀ. ಜೈಂಟ್ ತಿರುಗುವಾಗ ಕೆಳಗ ಬರ್ತೀವಲ್ರಿ, ಅವಾಗ ರಟ್ಟಿ ಕಿತ್ತು ಬಂದಂಗ ಆಗ್ತದ." ಬಾರ್ಸ್ ಎಂದರೆ ಎತ್ತರ-ತಗ್ಗಿನ ಎರಡು ಅಡ್ಡಕೋಲು; ಜೈಂಟ್ ಎಂದರೆ ಕೋಲು ಹಿಡಿದು ಮೈ ನೀಳವಾಗಿಸಿ ಅದರ ಸುತ್ತ ಹಾಕುವ ಪೂರ್ತಿ ಸುತ್ತು. ಎರಡು ತಿಂಗಳಿಂದ ಹೀಗೇ ಇತ್ತು. ಆ ಮಗ್ಗುಲಿಗೆ ಮಲಗಿದರೆ ಎಚ್ಚರವಾಗುತ್ತಿತ್ತು. ಪ್ರಾಕ್ಟೀಸಿಗೆ ಹೋಗುವ ಮೊದಲು ತಾಯಿಯ ಮೊಣಕಾಲು ನೋವಿನ ಡೈಕ್ಲೋಫೆನಾಕ್ ಮಾತ್ರೆಯನ್ನು ಯಾರಿಗೂ ಹೇಳದೆ ನುಂಗುತ್ತಿದ್ದಳು. ತಾಯಿ ಹೇಳಿದ ಹೊಟ್ಟೆನೋವಿನಲ್ಲಿ ಭಯದ ಪಾಲು ಎಷ್ಟೋ, ಖಾಲಿ ಹೊಟ್ಟೆಗೆ ಬಿದ್ದ ಆ ಮಾತ್ರೆಯ ಪಾಲೂ ಅಷ್ಟೇ ಇದ್ದೀತು.

ಯಾಕೆ ಮುಚ್ಚಿಟ್ಟೆ ಎಂದು ಕೇಳಿದ್ದಕ್ಕೆ ಅವಳು ಕೊಟ್ಟ ಕಾರಣದ ಮೇಲೆಯೇ ಮುಂದಿನ ಸಲಹೆಯೆಲ್ಲ ನಿಂತಿತು: "ಬ್ಯಾನಿ ಅದ ಅಂದ್ರ ಬೆಂಚಿಗೆ ಕೂಡಸ್ತಾರ್ರಿ. ಇಲ್ಲ ಅಂದ್ರ ಎಲ್ಲಾ ಮಾಡಸ್ತಾರ. ನಡುವ ಏನೂ ಇಲ್ರಿ." ಮಗು ಸುಳ್ಳುಗಾತಿಯಲ್ಲ, ಹೇಡಿಯೂ ಅಲ್ಲ. ನಿಜ ಹೇಳಿದರೆ ಪೂರ್ತಿ ನಷ್ಟ, ಹೇಳದಿದ್ದರೆ ಪೂರ್ತಿ ನೋವು ಎಂಬ ಲೆಕ್ಕದಲ್ಲಿ ಅವಳು ನೋವನ್ನು ಆರಿಸಿಕೊಂಡಿದ್ದಳು. ಹಾಗಾಗಿ ಆ "ನಡುವೆ" ಒಂದು ದಾರಿ ಕಟ್ಟಿಕೊಡುವುದೇ ಇಲ್ಲಿ ಮಾಡಬೇಕಾದ ಕೆಲಸವಾಯಿತು.

ಮಾತ್ರೆಯ ವಿಷಯವನ್ನು ಹೆತ್ತವರಿಂದ ಮುಚ್ಚಿಡಲು ಬರುವುದಿಲ್ಲ ಎಂದು ಅವಳಿಗೆ ಅದೇ ದಿನ ಹೇಳಲಾಯಿತು. ಯಾರು ಹೇಳಬೇಕು, ಯಾವ ಮಾತಿನಲ್ಲಿ ಹೇಳಬೇಕು ಎಂಬುದನ್ನು ಮಾತ್ರ ಅವಳಿಗೇ ಬಿಡಲಾಯಿತು. ತಾನು ಎದುರಿಗಿರುವಾಗಲೇ ಹೇಳಿ ಎಂದಳು. ಹೆತ್ತವರಿಗೆ ಕೊಟ್ಟ ಸೂಚನೆ ಚಿಕ್ಕದು: ಮಾತ್ರೆ ಡಬ್ಬಿ ಮೇಲಿನ ಕಪಾಟಿಗೆ ಹೋಗಲಿ, ಬೈಗುಳ ಬೇಡ. ಈ ಮಾತ್ರೆ ನೋವಿನ ಸದ್ದಡಗಿಸುತ್ತದೆ, ಪೆಟ್ಟನ್ನು ತಡೆಯುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ತಗಡಿನ ಛಾವಣಿಯ ಹಾಲಿನಲ್ಲಿ ಬೆವರಿ ನೀರಿಳಿದ ಮೈಗೆ ಇಂಥ ಮಾತ್ರೆ ಬಿದ್ದರೆ ಮೂತ್ರಪಿಂಡಕ್ಕೂ ಹೊಡೆತ. "ಒಂದು ಇಂಜೆಕ್ಷನ್ ಹಾಕಿಸಿದ್ರ ಆಯ್ಕೆ ಮುಗಿಯೋತನಕ ನಡೀತದ" ಎಂದು ಯಾರೋ ತಂದೆಯ ತಲೆಗೆ ತುಂಬಿದ್ದರು. ಸ್ಟೀರಾಯ್ಡ್ ಇಂಜೆಕ್ಷನ್ ಕೀಲಿಗೇ ಕೊಟ್ಟರೂ ಸ್ಪರ್ಧೆಯ ಅವಧಿಯಲ್ಲಿ 2022ರ ಜನವರಿ 1ರಿಂದ ಉದ್ದೀಪನ ನಿಷೇಧ ಪಟ್ಟಿಯಲ್ಲಿದೆ ಎಂದು ತಿಳಿಸಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು.

ಮನಸ್ಸಿನ ಕೆಲಸಕ್ಕೆ ಮುಂಚೆ ಎಲುಬಿನ ಡಾಕ್ಟರು. ಅಜ್ಜಿ ಹರಳೆಣ್ಣೆ ಹಚ್ಚಿ ತಿಕ್ಕುತ್ತಿದ್ದರು, ಅದಕ್ಕೆ ಅಡ್ಡಿಯಿಲ್ಲ. ಆದರೆ ಹಳ್ಳಿಯಲ್ಲಿ ಕೈ ಜಗ್ಗಿ "ಕೂಡಿಸುವವರ" ಹತ್ತಿರ ಕರೆದೊಯ್ಯುವ ಯೋಚನೆಯೂ ಮನೆಯಲ್ಲಿತ್ತು. ಬೆಳೆಯುವ ಮಕ್ಕಳ ತೋಳೆಲುಬಿನ ಮೇಲ್ತುದಿಯಲ್ಲಿ ಬೆಳವಣಿಗೆಯ ಮೃದು ಪದರವಿರುತ್ತದೆ. ತೋಳೆಲುಬಿನ ಉದ್ದದ ಸುಮಾರು 80 ಪ್ರತಿಶತ ಅಲ್ಲಿಂದಲೇ ಬರುತ್ತದೆ. ಅಲ್ಲಿ ಪೆಟ್ಟಿದೆಯೋ ಇಲ್ಲವೋ ತಿಳಿಯದೆ ಜಗ್ಗಿಸುವುದು ಅಪಾಯ. ಅದಕ್ಕೇ ಎರಡೂ ಭುಜಗಳ ಎಕ್ಸ್-ರೇ ತೆಗೆಸಲು ಹೇಳುತ್ತಾರೆ, ಒಳ್ಳೆಯ ಭುಜದ ಪಕ್ಕದಲ್ಲಿಟ್ಟರೇ ನೋಯುವ ಕಡೆಯ ಪದರ ಅಗಲವಾಗಿದೆಯೇ ಎಂದು ಗೊತ್ತಾಗುವುದು. ಈಗಲೇ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡಬೇಕೇ ಎಂಬ ತಂದೆಯ ಪ್ರಶ್ನೆಗೆ, ಮೊದಲು ಇಲ್ಲಿಯೇ ಆಸ್ಪತ್ರೆಯ ಎಲುಬು ವಿಭಾಗ ಸಾಕು ಎಂದಾಯಿತು. ಕೈ ಜೋಮು ಹಿಡಿಯುವುದು, ಕೀಲಿನ ಗುಂಡು ಸರಿದು ಹೊರಬಂದಂತಾಗುವುದು, ಕೈ ಎತ್ತಲಾಗದಿರುವುದು, ಬಾವು, ಜ್ವರ ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು ಎಂದು ಬರೆದುಕೊಡಲಾಯಿತು.

ಎಕ್ಸ್-ರೇಯಲ್ಲಿ ಬೆಳವಣಿಗೆಯ ಪದರ ಸರಿಯಿತ್ತು. ತೊಂದರೆ ಬೇರೆ. ಭುಜದ ಕೀಲು ತಟ್ಟೆಯ ಮೇಲೆ ಚೆಂಡು ಇಟ್ಟಂತೆ. ಕುಳಿ ಆಳವಿಲ್ಲ, ಚೆಂಡನ್ನು ಹಿಡಿದಿಡುವುದು ಸುತ್ತಲಿನ ಸ್ನಾಯು ಮತ್ತು ನಾರು. ಈ ಹುಡುಗಿಯ ಕೀಲುಗಳು ಹುಟ್ಟಿನಿಂದಲೇ ಸಡಿಲ. ಕಿರುಬೆರಳು ಹಿಂದಕ್ಕೆ ಬಾಗುವುದು, ಹೆಬ್ಬೆರಳು ಮುಂಗೈಗೆ ತಾಗುವುದು ಮೊದಲಾದವನ್ನು ನೋಡಿ ಕೊಡುವ ಬೈಟನ್ ಅಂಕ 9ಕ್ಕೆ 7. ಜೈಂಟ್ ತಿರುಗುವಾಗ ತಳದಲ್ಲಿ ಮೈತೂಕದ ಮೂರುಪಟ್ಟಿನಷ್ಟು ಎಳೆತ ಬೀಳುತ್ತದೆ. 34 ಕಿಲೋ ಹುಡುಗಿಗೆ ಅದು ನೂರು ಕಿಲೋ. ಆ ವರ್ಷ ಅವಳು ಸರ್ರನೆ ಎತ್ತರವಾಗಿದ್ದಳು, ತೋಳು ಉದ್ದವಾಗಿತ್ತು, ಹೆಗಲ ಹಲಗೆಯನ್ನು ಬಿಗಿಹಿಡಿಯುವ ಸ್ನಾಯುಗಳು ಮಾತ್ರ ಹಳೇ ಅಳತೆಯಲ್ಲೇ ಇದ್ದವು. ಇದರ ಮೇಲೆ ದಿನವೂ ಬ್ರಿಡ್ಜ್ (ಕೈಕಾಲೂರಿ ಮೈಯನ್ನು ಹಿಂದಕ್ಕೆ ಕಮಾನಿನಂತೆ ಬಾಗಿಸುವುದು) ಹಾಕಿಸಿ ಭುಜವನ್ನು ಒತ್ತಿ ಹಿಗ್ಗಿಸುವ ರೂಢಿ. ಚೆನ್ನಾಗಿ ಬಾಗುವ ಮಗುವಿಗೇ ಇನ್ನಷ್ಟು ಬಾಗಿಸುವ ಪಾಠ ಸಿಗುತ್ತದೆ, ನೋಡಲು ಚೆಂದವಲ್ಲವೇ! ಸಡಿಲ ಕೀಲಿಗೆ ಬೇಕಿದ್ದದ್ದು ಬಲ, ಸಿಗುತ್ತಿದ್ದದ್ದು ಇನ್ನಷ್ಟು ಸಡಿಲಿಕೆ.

ಡಾಕ್ಟರು ಮತ್ತು ಫಿಸಿಯೋಥೆರಪಿಸ್ಟ್ 12 ವಾರ ಎಂದರು. ಅಲ್ಲಿಗೆ ಆಯ್ಕೆ ಕೈತಪ್ಪಿತು. ಇದನ್ನು ಹುಡುಗಿಗಿಂತ ತಂದೆಗೆ ಒಪ್ಪಿಸುವುದು ಕಷ್ಟವಾಯಿತು. "ದೀಪಾ ಕರ್ಮಾಕರ್ ನೋವಿನಾಗೇ ಆಡಿಲ್ಲೇನ್ರಿ?" ಎಂದರು. ಜಿಮ್ನಾಸ್ಟ್ ದೀಪಾ 2016ರ ರಿಯೋ ಒಲಿಂಪಿಕ್ಸಿನಲ್ಲಿ, ಓಡಿಬಂದು ಟೇಬಲ್ ಮೇಲೆ ಕೈಯೂರಿ ಹಾರುವ ವಾಲ್ಟ್‌ನಲ್ಲಿ ನಾಲ್ಕನೆಯವರಾದರು, 2017ರಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು, 2018ರ ಜುಲೈನಲ್ಲಿ ಟರ್ಕಿಯ ಮರ್ಸಿನ್‌ನಲ್ಲಿ ಚಿನ್ನ ಗೆದ್ದರು. ನಡುವೆ ವರ್ಷಕ್ಕೂ ಮಿಕ್ಕಿದ ಬಿಡುವಿತ್ತು ಎಂಬುದನ್ನು ತಂದೆ ಗಮನಿಸಿರಲಿಲ್ಲ. ಹೆಣ್ಣುಮಕ್ಕಳ ಅಂತರರಾಷ್ಟ್ರೀಯ ಹಿರಿಯರ ವಿಭಾಗಕ್ಕೆ ಕನಿಷ್ಠ ವಯಸ್ಸು 16 ಎಂಬುದೂ ಅವರಿಗೆ ಹೊಸ ಸುದ್ದಿ. ಮೂರು ವರ್ಷ ಕೈಯಲ್ಲಿದೆ ಎಂದು ಬೆರಳು ಮಡಚಿ ಎಣಿಸಿದ ಮೇಲೆ ಅವರ ದನಿ ತುಸು ಇಳಿಯಿತು.

ಹುಡುಗಿ, ಹೆತ್ತವರು, ಕೋಚ್, ಫಿಸಿಯೋ ಒಟ್ಟಿಗೆ ಕೂತು ಒಂದು ಹಾಳೆ ಬರೆದದ್ದೇ ಈ ಪ್ರಕರಣದ ತಿರುವು. ಆ ಹಾಳೆಯಲ್ಲಿ ನೋವಿಗೆ ಸೊನ್ನೆಯಿಂದ 10ರವರೆಗೆ ಅಂಕ. 2ರವರೆಗೆ ಕೆಲಸ ನಡೆಯಲಿ. 3 ಅಥವಾ 4 ಆದರೆ ಆ ಐಟಂ ಬಿಟ್ಟು ಅದಕ್ಕಿಂತ ಹಗುರಾದದ್ದು. 5 ಮುಟ್ಟಿದರೆ ಆ ದಿನ ಕೈ ಕೆಲಸ ಬಂದ್, ಕಾಲಿನ ಕೆಲಸ ಮುಂದುವರಿಕೆ. ಮರುದಿನ ಬೆಳಿಗ್ಗೆ ತಲೆ ಬಾಚುವಾಗ ಮತ್ತೊಂದು ಅಂಕ; ಹಿಂದಿನ ಬೆಳಗಿಗಿಂತ ಹೆಚ್ಚಿದ್ದರೆ ಒಂದು ಮೆಟ್ಟಿಲು ಕೆಳಕ್ಕೆ. ಹಾಲಿನಲ್ಲಿ ಎಲ್ಲರೆದುರು ನೋವು ಅನ್ನಲು ನಾಚಿಕೆ, ಆದ್ದರಿಂದ ಎಡಗೈ ಬೆರಳುಗಳಲ್ಲಿ ಅಂಕ ತೋರಿಸಿದರೆ ಸಾಕು ಎಂದಾಯಿತು. ಐದು ಬೆರಳೂ ಬಿಚ್ಚಿದರೆ ಕೋಚ್ ಕಾರಣ ಕೇಳುವಂತಿಲ್ಲ. ಮನೆಯಲ್ಲಿ ಗಳಿಗೆಗೊಮ್ಮೆ "ನೋಯ್ತದೇನ?" ಎನ್ನುವುದನ್ನೂ ನಿಲ್ಲಿಸಲಾಯಿತು. ದಿನಕ್ಕೆ ಒಂದೇ ಸಲ, ಬೆಳಿಗ್ಗೆ, ತಾಯಿ ಅಂಕ ಬರೆದುಕೊಳ್ಳುತ್ತಾರೆ, ತಿರುಗಿ ಮಾತಿಲ್ಲ.

ಮೆಟ್ಟಿಲುಗಳನ್ನು ಫಿಸಿಯೋ ಹಾಕಿಕೊಟ್ಟರು. ಮೊದಲ ಮೂರು ವಾರ ಕೈ ಮೇಲೆ ಪೂರ್ತಿ ಮೈಭಾರವಿಲ್ಲ, ಬಾರ್‌ಗೆ ಜೋತು ಬೀಳುವಂತಿಲ್ಲ, ಭುಜ ಹಿಗ್ಗಿಸುವಂತಿಲ್ಲ. ಮೊಣಕೈ ಪಕ್ಕೆಗೆ ಒತ್ತಿ, ನಡುವೆ ಮಡಚಿದ ಟವೆಲ್ ಇಟ್ಟು, ರಬ್ಬರ್ ಬ್ಯಾಂಡನ್ನು ಹೊರಕ್ಕೆ ಎಳೆಯುವುದು 15ರಂತೆ ಮೂರು ಸಲ. ಟವೆಲ್ ಜಾರಿ ಬಿದ್ದರೆ ಆ ಎಳೆತ ಲೆಕ್ಕಕ್ಕಿಲ್ಲ, ಏಕೆಂದರೆ ಆಗ ಕೆಲಸ ಮಾಡುವುದು ಬೇರೆ ಸ್ನಾಯು. ಜೊತೆಗೆ ಗೋಡೆಗೆ ಕೈಯೂರಿ ಪುಷ್-ಅಪ್. ನಾಲ್ಕರಿಂದ ಆರನೇ ವಾರ ನೆಲದ ಪ್ಲ್ಯಾಂಕ್, ಅಂದರೆ ಕೈ ಮತ್ತು ಕಾಲ್ಬೆರಳೂರಿ ಮೈಯನ್ನು ಹಲಗೆಯಂತೆ ನೆಟ್ಟಗೆ ಹಿಡಿಯುವುದು. ಏಳರಿಂದ ಒಂಬತ್ತು, ಗೋಡೆಗೆ ಹೊಟ್ಟೆ ಮಾಡಿ ಕೈ ಮೇಲೆ ತಲೆಕೆಳಗಾಗಿ ನಿಲ್ಲುವ 10 ಸೆಕೆಂಡಿನ ಹ್ಯಾಂಡ್‌ಸ್ಟ್ಯಾಂಡ್, ಬಾರ್‌ನಲ್ಲಿ 10 ಸೆಕೆಂಡು ಜೋತು. ಆಮೇಲೆ ಕಿಪ್ (ಜೋತು ತೂಗಿ ಬಾರ್ ಮೇಲಕ್ಕೆ ಏರುವುದು), ತಗ್ಗಿನ ಕಾಸ್ಟ್ (ಬಾರ್ ಮೇಲೆ ಕೈಯೂರಿ ಕಾಲುಗಳನ್ನು ಹಿಂದಕ್ಕೆ ಎತ್ತುವುದು), ಸಣ್ಣ ಸ್ವಿಂಗ್ (ತೂಗಾಟ). ಜೈಂಟ್ ಅದರ ನಂತರ, ಎಲ್ಲಕ್ಕೂ ಕೊನೆಗೆ ವಾಲ್ಟ್. ಒಂದು ವಾರದಲ್ಲಿ ಸಲಗಳ ಎಣಿಕೆ ಹೆಚ್ಚಿಸಬೇಕು ಇಲ್ಲವೇ ಐಟಂ ಕಠಿಣ ಮಾಡಬೇಕು, ಎರಡನ್ನೂ ಒಟ್ಟಿಗೆ ಅಲ್ಲ. ಭುಜ ನೋಯುವ ಮಕ್ಕಳಿಗೆ ಮತ್ತೆ ಕೆಡುವುದು ಸಾಮಾನ್ಯವಾಗಿ ಐದಾರನೇ ವಾರದಲ್ಲಿ: ನೋವು ಹೋಗಿರುತ್ತದೆ, ಬಲ ಬಂದಿರುವುದಿಲ್ಲ.

ಕೋಚ್ ಬಗ್ಗೆ ಒಂದು ಮಾತು. ಮೂವತ್ತು ಮಕ್ಕಳಿಗೆ ಅವರೊಬ್ಬರೇ. ನೋವು ಅಂದವರನ್ನು ಬೆಂಚಿಗೆ ಕಳಿಸುವುದು ಅವರಿಗೆ ತಿಳಿದ ಸುರಕ್ಷತೆ. ತಪ್ಪು ಹುಡುಕುವ ಬದಲು ಅವರಿಗೆ ಎರಡೇ ವಿನಂತಿ ಮಾಡಲಾಯಿತು. ಈ ಹುಡುಗಿಯ ಭುಜವನ್ನು ಕೈಯಿಂದ ಒತ್ತಬೇಡಿ, ಮತ್ತು ವಾರ್ಮ್-ಅಪ್‌ನಿಂದ ಕೊನೆಯವರೆಗೂ ಅವಳನ್ನು ಗುಂಪಿನಲ್ಲೇ ಇಡಿ. ತೋಳು ಮೈಗೆ ಆನಿಸಿ ಬೀಮ್ (ಕಿರಿದಾದ ಉದ್ದ ತೊಲೆ) ಮೇಲೆ ತಿರುವು, ನೆಗೆತ, ಲ್ಯಾಂಡಿಂಗ್, ಹೊಟ್ಟೆಯ ಬಲ; ಒಂದೂವರೆ ತಾಸಿಗೆ ಬೇಕಾದಷ್ಟು ಕೆಲಸವಿದೆ. ಚಾಕ್ ಪುಡಿ ತಂದುಕೊಡುವ, ಮ್ಯಾಟ್ ಎಳೆಯುವ ಚಾಕರಿ ಬೇಡ. ಅದು ಬೆಂಚಿಗಿಂತ ಕೀಳು ಎನಿಸುತ್ತದೆ, ಮ್ಯಾಟ್ ಎಳೆದರೆ ಭುಜಕ್ಕೂ ಕೆಟ್ಟದ್ದು.

ಊಟದ ಕಡೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ತೂಕದ ಭಯಕ್ಕೆ ರಾತ್ರಿ ಊಟ ಬಿಡುತ್ತಿದ್ದಳು. ರೊಟ್ಟಿ, ತೊಗರಿಬೇಳೆ, ಮೊಸರು, ಶೇಂಗಾ ಹಿಂಡಿ, ಮೊಟ್ಟೆ ಮತ್ತೆ ತಟ್ಟೆಗೆ ಬಂದವು. ಶಾಲೆಯ ಚೀಲವನ್ನು ಎರಡೂ ಹೆಗಲಿಗೆ ಹಾಕಿಕೊಳ್ಳಲು ಹೇಳಲಾಯಿತು. ತೂಗಿ ನೋಡಿದರೆ ಆರು ಕಿಲೋ ಇತ್ತು, 8ನೇ ತರಗತಿಗೆ ಸರ್ಕಾರದ ಮಿತಿ 4 ಕಿಲೋ.

ಒಂಬತ್ತನೇ ವಾರ ಭುಜ ಸಿದ್ಧವಾಗುತ್ತಾ ಬಂತು, ಹುಡುಗಿಯ ಮನಸ್ಸು ಸಿದ್ಧವಾಗಿರಲಿಲ್ಲ. ಗಾಯದ ನಂತರ ಮರಳುವ ಕ್ರೀಡಾಪಟುಗಳಿಗೆ ಆರು ಪ್ರಶ್ನೆಗಳ ಒಂದು ಅಳತೆಯಿದೆ. ಪ್ರತಿಯೊಂದಕ್ಕೂ ನೂರರೊಳಗೆ ಅಂಕ, ಕೂಡಿಸಿ ಹತ್ತರಿಂದ ಭಾಗಿಸಿದರೆ ಗರಿಷ್ಠ 60. ಅವಳದು 31. ಒಟ್ಟು ಅಂಕಕ್ಕಿಂತ ಬಿಡಿ ಅಂಕಗಳು ಹೆಚ್ಚು ಹೇಳುತ್ತವೆ. ತನ್ನ ಕೌಶಲದ ಮೇಲೆ 80, ಆ ಭುಜ ಭಾರ ತಡೆದೀತು ಎಂಬುದಕ್ಕೆ 20. ಇಂಥವಳಿಗೆ "ಧೈರ್ಯ ತಗೋ" ಎನ್ನುವುದು ವ್ಯರ್ಥ. ಭುಜ ತಡೆಯುತ್ತದೆ ಎಂಬುದಕ್ಕೆ ಅವಳ ಕಣ್ಣೆದುರೇ ಪುರಾವೆ ಬೇಕು. ಫಿಸಿಯೋ ಎರಡೂ ತೋಳಿನ ಬಲ ಅಳೆಯುವಾಗ ಮೀಟರನ್ನು ಅವಳ ಕಡೆಗೇ ತಿರುಗಿಸಿ ಹಿಡಿಯತೊಡಗಿದರು. ನೋವಿನ ಕೈ ಒಳ್ಳೆಯ ಕೈಯ 90 ಪ್ರತಿಶತ ಮುಟ್ಟಿದರೆ ಸ್ವಿಂಗ್ ಎಂದು ಮೊದಲೇ ಮಾತಾಗಿತ್ತು.

ಮನಸ್ಸಿನಲ್ಲೇ ರೊಟೀನ್ (ಬಾರ್ಸ್ ಮೇಲಿನ ಐಟಂಗಳ ಪೂರ್ತಿ ಸರಣಿ) ಮಾಡುವ ಅಭ್ಯಾಸವನ್ನೂ ದಿನಕ್ಕೆ ಹತ್ತು ನಿಮಿಷ ಕೊಡಲಾಯಿತು, ಸ್ಟಾಪ್‌ವಾಚ್ ಹಿಡಿದು. ಕಣ್ಣು ಮುಚ್ಚಿ ಬಾರ್ ಹಿಡಿಯುವಾಗ ಒಂದು ಒತ್ತು, ಇಳಿದಾಗ ಇನ್ನೊಂದು. ನಿಜದಲ್ಲಿ 35 ಸೆಕೆಂಡಿನ ರೊಟೀನ್ ಅವಳ ತಲೆಯಲ್ಲಿ 22ಕ್ಕೇ ಮುಗಿಯುತ್ತಿತ್ತು. ಜೈಂಟ್ ಭಾಗವನ್ನು ಅವಳು ಹಾರಿಸಿಬಿಡುತ್ತಿದ್ದಳು. ಆ ಭಾಗವನ್ನಷ್ಟೇ ಬೇರ್ಪಡಿಸಿ, ಮೊದಲು ಬೇರೆ ಹುಡುಗಿ ತಿರುಗುವುದನ್ನು ನೋಡಿದಂತೆ, ಆಮೇಲೆ ತಾನೇ ತಿರುಗಿದಂತೆ, ಉಸಿರು ಬಿಡುವ ಜಾಗ ಗುರುತಿಸಿಕೊಂಡು ನೆನೆಯಲು ಹೇಳಲಾಯಿತು. ಮೂರು ವಾರದಲ್ಲಿ ಸಮಯ 33ಕ್ಕೆ ಬಂತು, ಅಳತೆಯ ಅಂಕ 48ಕ್ಕೆ.

ಹದಿನಾರನೇ ವಾರಕ್ಕೆ ನೆಲ, ಬೀಮ್, ಬಾರ್ಸ್ ಮೂರಕ್ಕೂ ಮರಳಿದಳು. ಐದನೇ ತಿಂಗಳಲ್ಲಿ ಒಂದು ಸ್ಪರ್ಧೆಯ ಮರುದಿನ ಬೆಳಗಿನ ಅಂಕ 4 ಬಂತು. ಹಾಳೆಯಂತೆ ಒಂದು ವಾರ ಜೈಂಟ್ ಬಿಟ್ಟು ಕಿಪ್‌ಗೆ ಇಳಿದಳು, ಮತ್ತೆ 1ಕ್ಕೆ ಬಂತು. ವಾಲ್ಟ್ ಇನ್ನೂ ಬಾಕಿ, ಟೇಬಲ್‌ಗೆ ಕೈ ಬಡಿಯುವ ಆ ಹೊಡೆತಕ್ಕೆ ಡಾಕ್ಟರು ಒಪ್ಪಿಗೆ ಕೊಟ್ಟಿಲ್ಲ. ದಸರೆ ರಜೆಯಲ್ಲಿ ಬೆಳಿಗ್ಗೆಯೂ ಪ್ರಾಕ್ಟೀಸ್ ಸೇರಿಸಬಹುದೇ ಎಂದು ತಂದೆ ಕೇಳಿದ್ದಾರೆ. ಸೇರಿಸಬಹುದು, ಬರೀ ಕಾಲಿನ ಕೆಲಸಕ್ಕೆ. ಕೈ ಮೇಲೆ ಭಾರ ಬೀಳುವ ಐಟಂಗಳ ಎಣಿಕೆ ದಿನಕ್ಕೆ ಈಗಿರುವಷ್ಟೇ ಇರಬೇಕು ಎಂದು ಉತ್ತರಿಸಿದೆ.