ಓಪನ್ ಫೈಲ್ ಕೊಡಬೇಕಾ? ಎಷ್ಟು ರೊಕ್ಕ ಕೇಳಬೇಕು?

ಪ್ರಶ್ನೆ: ನಾನು ವಿಜಯಪುರದವಳು, ಮನೆಯಿಂದಲೇ ಇಲಸ್ಟ್ರೇಶನ್ ಮಾಡುತ್ತೇನೆ. ಕಳೆದ ವರ್ಷ ಒಣದ್ರಾಕ್ಷಿ ವ್ಯಾಪಾರದ ಸಾವಕಾರರೊಬ್ಬರಿಗೆ ಅರ್ಧ ಕೆಜಿ ಪ್ಯಾಕೆಟ್ ಸಲುವಾಗಿ ಗೋಳಗುಮ್ಮಟ, ದ್ರಾಕ್ಷಿ ಬಳ್ಳಿ ಇರುವ ಚಿತ್ರ ಬರೆದುಕೊಟ್ಟೆ. 3,500 ರೂಪಾಯಿ ಕೊಟ್ಟರು. ಈಗ ಅದೇ ಚಿತ್ರ ಅವರ ಗಾಡಿ ಮೇಲಿದೆ, ಕ್ಯಾಲೆಂಡರ್‌ನಲ್ಲಿದೆ, ಸಿದ್ಧೇಶ್ವರ ಜಾತ್ರೆಯ ಫ್ಲೆಕ್ಸ್‌ನಲ್ಲೂ ಬಂತು. ಕೇಳಿದರೆ "ರೊಕ್ಕ ಕೊಟ್ಟೀವಲ್ಲವಾ, ಮುಗೀತು" ಅನ್ನುತ್ತಾರೆ. ಮೇಲಿಂದ ಓಪನ್ ಫೈಲ್ (ತಿದ್ದಲು ಬರುವ ಮೂಲ ಫೈಲ್) ಬೇರೆ ಕೇಳುತ್ತಿದ್ದಾರೆ. ಕೊಡಬೇಕಾ?

ಉತ್ತರ: ಸದ್ಯಕ್ಕೆ ಕೊಡಬೇಡಿ. ಆದರೆ ಜಗಳಕ್ಕೂ ಹೋಗಬೇಡಿ, ಮೊದಲು ಹಳೇ ವಾಟ್ಸಾಪ್ ಮೆಸೇಜ್ ತೆಗೆದು ನೋಡಿ. "ಅರ್ಧ ಕೆಜಿ ಪ್ಯಾಕೆಟ್‌ಗೆ ಒಂದು ಚಿತ್ರ ಬೇಕು" ಅಂತ ಅವರೇ ಬರೆದಿದ್ದರೆ ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಿಮ್ಮ ಕೈಯಲ್ಲಿರುವ ದೊಡ್ಡ ಆಧಾರ ಅದೇ.

ನಮ್ಮಲ್ಲಿ 1957ರ ಕಾಪಿರೈಟ್ ಕಾಯ್ದೆ ಇದೆ. ಅದರ ಪ್ರಕಾರ ಸಾಮಾನ್ಯವಾಗಿ ಚಿತ್ರ ಬರೆದವರೇ ಅದರ ಮೊದಲ ಹಕ್ಕುದಾರರು. ಸಂಬಳಕ್ಕೆ ಇದ್ದು ಮಾಲೀಕರ ಕೆಲಸವಾಗಿ ಬರೆದರೆ ಹಕ್ಕು ಮಾಲೀಕರಿಗೆ ಹೋಗುತ್ತದೆ, ನೀವು ಸಂಬಳಕ್ಕೆ ಇರಲಿಲ್ಲ. ಹಕ್ಕನ್ನು ಬೇರೆಯವರಿಗೆ ಬರೆದುಕೊಡಬೇಕು ಅಂದರೆ ಅದು ಕಾಗದದ ಮೇಲೆ ಇರಬೇಕು, ಸಹಿ ಇರಬೇಕು. ಬರೆದುಕೊಟ್ಟಾಗಲೂ ಎಷ್ಟು ವರ್ಷ ಅಂತ ಹೇಳದಿದ್ದರೆ ಐದೇ ವರ್ಷ ಅಂತ ಲೆಕ್ಕ. ರೊಕ್ಕ ಕೊಟ್ಟ ಮಾತ್ರಕ್ಕೆ ಎಲ್ಲಾ ಮುಗಿಯುವುದಿಲ್ಲ.

ಇಲ್ಲೇ ಒಂದು ತೊಡಕಿದೆ, ಅದನ್ನು ಮುಚ್ಚಿಟ್ಟರೆ ನಿಮಗೇ ಮೋಸ. ರೊಕ್ಕ ಕೊಟ್ಟು ಬರೆಸಿದ ಪೇಂಟಿಂಗ್, ಭಾವಚಿತ್ರ, ತೆಗೆಸಿದ ಫೋಟೊ ಇಂಥವಕ್ಕೆ ಅದೇ ಕಾಯ್ದೆಯಲ್ಲಿ ನಿಯಮ ಉಲ್ಟಾ: ಬೇರೆ ಒಪ್ಪಂದ ಇಲ್ಲದಿದ್ದರೆ ಬರೆಸಿದವರೇ ಮೊದಲ ಹಕ್ಕುದಾರರು. ಟ್ಯಾಬ್ಲೆಟ್‌ನಲ್ಲಿ ಬರೆದ ನಿಮ್ಮ ಗೋಳಗುಮ್ಮಟ ಪೇಂಟಿಂಗ್ ಹೌದೋ ಅಲ್ಲವೋ ಅಂತ ಅವರ ವಕೀಲರು ಎಳೆದಾಡಬಹುದು. 3,500 ರೂಪಾಯಿಗೆ ಈ ವಾದ ಮಾಡಲು ಕೋರ್ಟಿಗೆ ಅಲೆಯುತ್ತೀರಾ? ಅದಕ್ಕೇ ಮುಂದಿನ ಸಲ ಕೆಲಸ ಶುರು ಮಾಡುವ ಮೊದಲೇ ಎರಡು ಸಾಲು ಬರೆದು ಕಳಿಸಿ: "ಈ ಚಿತ್ರ ಅರ್ಧ ಕೆಜಿ ಪ್ಯಾಕೆಟ್‌ಗೆ ಮಾತ್ರ, ಎರಡು ವರ್ಷಕ್ಕೆ. ಕಾಪಿರೈಟ್ ನನ್ನದೇ, ಬೇರೆ ಕಡೆ ಬಳಸಿದರೆ ಬೇರೆ ದರ." ಅವರಿಂದ "ಓಕೆ" ಅಂತ ಬರಲಿ, ಆಮೇಲೆ ಪೆನ್ ಹಿಡಿಯಿರಿ.

ಈ ಬುದ್ಧಿ ನನಗೂ ಸುಮ್ನೆ ಬಂದದ್ದಲ್ಲ. ಬೆಳಗಾವಿಯಲ್ಲಿ ಕೆಲಸ ಶುರು ಮಾಡಿದ ಹೊಸದರಲ್ಲಿ ಮಿಠಾಯಿ ಅಂಗಡಿಯೊಂದಕ್ಕೆ ಕುಂದಾ ಡಬ್ಬಿ ಮಾಡಿಕೊಟ್ಟಿದ್ದೆ, ನತ್ತು ಹಾಕಿಕೊಂಡ ಅಜ್ಜಿಯ ಚಿತ್ರ. ಓಪನ್ ಫೈಲ್ ಕೇಳಿದರು, ನಗುನಗುತ್ತಾ ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟೆ. ಮುಂದಿನ ದೀಪಾವಳಿಗೆ ಬೇರೆ ಯಾರೋ ಅದೇ ಅಜ್ಜಿಯನ್ನು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿ ಹೊಸ ಡಬ್ಬಿ ಮಾಡಿದ್ದರು, ಎಡಮೂಗಿನ ನತ್ತು ಬಲಮೂಗಿಗೆ ಬಂದಿತ್ತು. ಯಾರೂ ಗಮನಿಸಲಿಲ್ಲ, ನಾನೊಬ್ಬನೇ ಆ ಡಬ್ಬಿ ಕಂಡಾಗಲೆಲ್ಲ ಹಲ್ಲು ಕಡಿಯುತ್ತಿದ್ದೆ.

ನಿಮ್ಮ ಸಾವಕಾರರ ವಿಷಯಕ್ಕೆ ಬರೋಣ. ನೋಟಿಸ್ ಗೀಟಿಸ್ ಬೇಡ. ಅಂಗಡಿಗೆ ಹೋಗಿ, ಚಹಾ ಕೊಟ್ಟರೆ ಕುಡಿಯಿರಿ. "ಕಾಕಾ, ಚಿತ್ರ ನಿಮಗೆ ಇಷ್ಟಾ ಆಗೇದ ಅಂತನs ಎಲ್ಲಾ ಕಡೆ ಹಾಕೀರಿ, ಖುಷಿ ಆತು. ಆದ್ರ ಪ್ಯಾಕೆಟ್ ರೇಟಿನ್ಯಾಗ ಗಾಡಿ, ಕ್ಯಾಲೆಂಡರ್ ಬರೂದಿಲ್ರಿ" ಅಂತ ಹೇಳಿ. ಆಗಿಹೋದದ್ದಕ್ಕೂ ಮುಂದಿನ ಎರಡು ವರ್ಷದ ಎಲ್ಲಾ ಬಳಕೆಗೂ ಸೇರಿಸಿ ಒಂದೇ ಮೊತ್ತ ಹೇಳಿ. ನಾನಾದರೆ ಮೊದಲ ದರದ ಎರಡರಿಂದ ಮೂರು ಪಟ್ಟು ಕೇಳುತ್ತೇನೆ. ಓಪನ್ ಫೈಲ್ ಬೇಕೇ ಬೇಕು ಅಂದರೆ ಅದಕ್ಕೆ ಇನ್ನೊಂದು ದರ, ಮತ್ತು ಅದೂ ಬರಹದಲ್ಲೇ.

ಪ್ರಶ್ನೆ: ಬಾಗಲಕೋಟೆ ನವನಗರದ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಡಿಸೈನರ್ ಆಗಿದ್ದೇನೆ ಸರ್, ಸಂಬಳ 14,000. ಲಗ್ನಪತ್ರಿಕೆ, ಫ್ಲೆಕ್ಸ್, ಬಿಲ್ ಬುಕ್ ಮಾಡಿ ಮಾಡಿ ಬೇಜಾರಾಗಿದೆ. ಫ್ರೀಲಾನ್ಸ್ ಮಾಡಬೇಕು ಅಂತಿದ್ದೇನೆ. ಎಷ್ಟು ರೇಟ್ ಹೇಳಬೇಕು? ಬೆಂಗಳೂರಿಗೆ ಹೋಗಲೇಬೇಕಾ?

ಉತ್ತರ: ತಮ್ಮಾ, ನಾಳೆಯೇ ರಾಜೀನಾಮೆ ಕೊಡಬೇಡ. ಆರು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಂಡು ಆಮೇಲೆ ಕೆಲಸ ಬಿಡು.

ರೇಟ್ ವಿಷಯಕ್ಕೆ, "ಪಕ್ಕದ ಅಂಗಡಿಯಲ್ಲಿ ಎಷ್ಟು" ಅಂತ ನೋಡಿದರೆ ಸೋತಂತೆಯೇ. ಪಕ್ಕದ ಅಂಗಡಿಯವನು ಡಿಸೈನ್ ಫ್ರೀ ಅನ್ನುತ್ತಾನೆ, ಲಾಭವನ್ನು ಪ್ರಿಂಟಿಂಗ್‌ನಲ್ಲಿ ತೆಗೆಯುತ್ತಾನೆ. ನಿನ್ನ ಹತ್ತಿರ ಮಷೀನ್ ಇಲ್ಲವಲ್ಲ! ಹೀಗೆ ಲೆಕ್ಕ ಹಾಕು: ಮನೆಗೆ, ಕರೆಂಟಿಗೆ, ಇಂಟರ್‌ನೆಟ್ಟಿಗೆ, ಸಾಫ್ಟ್‌ವೇರಿಗೆ, ಮುಂದೆ ಕೆಡುವ ಲ್ಯಾಪ್‌ಟಾಪಿಗೆ ಎಲ್ಲಾ ಸೇರಿ ತಿಂಗಳಿಗೆ 32,000 ಬೇಕು ಅಂತಿಟ್ಟುಕೋ. ತಿಂಗಳಲ್ಲಿ ಇನ್ನೂರು ತಾಸು ಕುಂತರೂ ಬಿಲ್ ಮಾಡಬಹುದಾದ ತಾಸು 80 ಸಿಕ್ಕರೆ ಹೆಚ್ಚು, ಉಳಿದದ್ದು ಫೋನ್, ಕೊಟೇಶನ್, ಬಾಕಿ ವಸೂಲಿಗೆ ಹೋಗುತ್ತದೆ. 32,000ವನ್ನು 80ರಿಂದ ಭಾಗಿಸಿದರೆ ತಾಸಿಗೆ 400. ಐದು ತಾಸಿನ ಲೋಗೊ ಕೆಲಸ 2,000ಕ್ಕಿಂತ ಕೆಳಗೆ ಇಳಿದರೆ ನೀನೇ ಕೈಯಿಂದ ರೊಕ್ಕ ಕೊಟ್ಟು ಕೆಲಸ ಮಾಡಿದ ಹಾಗೆ. ಈ ತಾಸಿನ ಲೆಕ್ಕ ಗಿರಾಕಿಗೆ ತೋರಿಸಬೇಡ, ಅವರಿಗೆ ಒಟ್ಟು ಮೊತ್ತ ಹೇಳು.

ಅರ್ಧ ರೊಕ್ಕ ಮೊದಲೇ ತೆಗೆದುಕೋ. "ಅಡ್ವಾನ್ಸ್ ಯಾಕೋ, ನಾವೇನು ಊರು ಬಿಟ್ಟು ಓಡಿ ಹೋಗ್ತೀವೇನು?" ಅಂತಾರೆ, ಕೇಳಿಸಿಕೋ, ನಕ್ಕುಬಿಡು, ಆದರೂ ತೆಗೆದುಕೋ. ತಿದ್ದುಪಡಿ ಎರಡು ಸಲ, ಮೂರನೆಯದಕ್ಕೆ ಚಾರ್ಜ್ ಅಂತ ಕೊಟೇಶನ್‌ನಲ್ಲೇ ಬರೆ. "ಒಂದs ಒಂದು ಸಣ್ಣ ಚೇಂಜ್" ಅನ್ನುವುದು ರಾತ್ರಿ ಹನ್ನೊಂದಕ್ಕೇ ಬರುತ್ತದೆ, ಯಾಕೋ ಗೊತ್ತಿಲ್ಲ.

ಬೆಂಗಳೂರಿಗೆ ಹೋಗುವ ಆಸೆ ಇದ್ದರೆ ಹೋಗು, ಹೋಗಲೇಬೇಕು ಅಂತೇನಿಲ್ಲ. ನಿನ್ನ ಜಿಲ್ಲೆಯಲ್ಲೇ ಇಳಕಲ್ ಸೀರೆ ಇದೆ, ಗುಳೇದಗುಡ್ಡದ ಖಣ ಇದೆ, ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ಬರುವ ಜನ ಇದ್ದಾರೆ. ಇನ್‌ಸ್ಟಾಗ್ರಾಮ್‌ನಲ್ಲಿ ಸೀರೆ ಮಾರುವವರಿಗೆ ಟ್ಯಾಗ್ ಬೇಕು, ಡಬ್ಬಿ ಬೇಕು, ಟೋಪಿ ತೆನಿ ಸೆರಗು ಅಂದರೇನು ಅಂತ ಹೇಳುವ ಸಣ್ಣ ಕಾರ್ಡ್ ಬೇಕು. ಲಾಡ್ಜ್‌ನವರಿಗೆ ಕೈಯಲ್ಲಿ ಬರೆದ ನಕ್ಷೆ ಬೇಕು. ಗಿರಾಕಿ ಇಲ್ಲದಿದ್ದರೂ ಇಂಥ ಮೂರು ಸ್ಯಾಂಪಲ್ ನೀನೇ ಮಾಡಿ ತೋರಿಸು. ಮಾಡುವಾಗ ಮಾತ್ರ ನಿಜವಾದ ಸೀರೆ ಎದುರಿಗೆ ಇಟ್ಟುಕೋ, ಇಂಟರ್‌ನೆಟ್‌ನ ಪೈಠಣಿ ಸೀರೆಯ ನವಿಲು ತಂದು ಇಳಕಲ್ ಅಂದರೆ ನೇಕಾರರ ಮನೆಯ ಕೂಸು ಕೂಡ ನಗುತ್ತದೆ. ಇಳಕಲ್ ಸೀರೆಗೆ ಜಿಐ (ಇಂಥ ಊರಿನದೇ ಸರಕು ಅನ್ನುವ ಭೌಗೋಳಿಕ ಗುರುತು) ಮಾನ್ಯತೆ ಇದೆ, ಆದರೆ ಜಿಐ ಗುರುತನ್ನು ಅಧಿಕೃತ ಬಳಕೆದಾರರಾಗಿ ನೋಂದಣಿ ಮಾಡಿಸಿದವರು ಮಾತ್ರ ಹಾಕಬಹುದು. ಹಾಕು ಅಂತ ಗಿರಾಕಿ ಹೇಳಿದರೆ ನೋಂದಣಿ ಪತ್ರ ಕೇಳು.

ಇನ್ನೊಂದು, ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಮಾಡಿಸು. ಸರ್ಕಾರಿ ವೆಬ್‌ಸೈಟ್‌ನಲ್ಲಿ ಪೂರ್ತಿ ಉಚಿತ, ರೊಕ್ಕ ಕೇಳುವ ಏಜೆಂಟರ ಹತ್ತಿರ ಹೋಗಬೇಡ. 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ಪ್ರಕಾರ ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನಕ್ಕೆ, ಇದ್ದರೂ ಹೆಚ್ಚೆಂದರೆ 45 ದಿನಕ್ಕೆ ನಿನ್ನ ಬಾಕಿ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಿಲ್ಲಿನ ಕೆಳಗೆ ಉದ್ಯಮ್ ನಂಬರ್ ಕಂಡರೆ ಕಂಪನಿಗಳ ಅಕೌಂಟ್ಸ್‌ನವರು ಸ್ವಲ್ಪ ಬೇಗ ಫೋನ್ ಎತ್ತುತ್ತಾರೆ, ಇದು ನನ್ನ ಅನುಭವ.

ಪ್ರಶ್ನೆ: ಬೆಳಗಾವಿಯಿಂದ. ಪುಣೆಯ ಕಂಪನಿಗೆ 60,000ದ ಬಿಲ್ ಕೊಟ್ಟೆ, 54,000 ಮಾತ್ರ ಬಂತು. ಟಿಡಿಎಸ್ ಅಂತೆ. ನನಗೆ ಜಿಎಸ್‌ಟಿ ಬೇಕಾ?

ಉತ್ತರ: ಆ 6,000 ನಿಮ್ಮದೇ, ಕಂಪನಿ ಮೊದಲೇ ಕಟ್ ಮಾಡಿದ ಆದಾಯ ತೆರಿಗೆ ಅದು, ನಿಮ್ಮ ಪ್ಯಾನ್ ಹೆಸರಲ್ಲಿ ಜಮಾ ಆಗಿರಬೇಕು. ಆದಾಯ ತೆರಿಗೆ ವೆಬ್‌ಸೈಟ್‌ಗೆ ಲಾಗಿನ್ ಆಗಿ ಅಲ್ಲಿ ಕಾಣುತ್ತದಾ ನೋಡಿ, ಇಲ್ಲದಿದ್ದರೆ ಕಂಪನಿಯನ್ನೇ ಕೇಳಿ. ರಿಟರ್ನ್ಸ್ ಹಾಕಿದಾಗ ನಿಮ್ಮ ತೆರಿಗೆಯಲ್ಲಿ ಅದು ಕಳೆಯುತ್ತದೆ, ಜಾಸ್ತಿ ಕಟ್ ಆಗಿದ್ದರೆ ವಾಪಸ್ ಬರುತ್ತದೆ. ಜಿಎಸ್‌ಟಿ ವರ್ಷಕ್ಕೆ 20 ಲಕ್ಷದ ವಹಿವಾಟು ದಾಟುವವರೆಗೆ ಬೇಡ, ಸೇವೆ ಕೊಡುವವರಿಗೆ ಗಿರಾಕಿ ಬೇರೆ ರಾಜ್ಯದವರಾದರೂ ಇದೇ ಮಿತಿ. ಜಿಎಸ್‌ಟಿ ನಂಬರ್ ಇಲ್ಲದೆ ಬಿಲ್ಲಿನಲ್ಲಿ 18 ಪರ್ಸೆಂಟ್ ತೆರಿಗೆ ಸೇರಿಸಲೇಬೇಡಿ.

ಪ್ರಶ್ನೆ: ಫೋಟೊಶಾಪ್‌ನಲ್ಲಿ ಕನ್ನಡ ಹಾಕಿದರೆ ಒತ್ತಕ್ಷರ ಒಡೆಯುತ್ತದೆ. ಪ್ರೆಸ್‌ಗೆ ಕಳಿಸಿದರೆ ಅಲ್ಲಿ ಇನ್ನೊಂದು ಥರ ಕಾಣುತ್ತದೆ. ಏನು ಮಾಡಲಿ?

ಉತ್ತರ: ಫೋಟೊಶಾಪ್‌ನ ಟೈಪ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿ. ಹಳೇ ವರ್ಷನ್‌ಗಳಲ್ಲಿ ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್ ಅಂತ ಇರುತ್ತದೆ. ಯುನಿಕೋಡ್ ಫಾಂಟ್ ಬಳಸಿ: ನೋಟೊ, ಅನೇಕ್, ಬಲೂ ತಮ್ಮ ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ವ್ಯಾಪಾರದ ಕೆಲಸಕ್ಕೂ ಬಳಸಬಹುದು. ಬೆಳಗಾವಿ ಕಡೆ ಕನ್ನಡ, ಮರಾಠಿ ಎರಡೂ ಬೇಕಾದಾಗ ಈ ಮೂರಕ್ಕೂ ದೇವನಾಗರಿ ಜೋಡಿ ಇದೆ, ಎರಡು ಲಿಪಿ ಒಂದೇ ಮನೆಯವರಂತೆ ಕಾಣುತ್ತವೆ. ಒತ್ತು ಕೆಳಗೆ ಇಳಿಯುತ್ತದಲ್ವಾ, ಅದಕ್ಕೆ ಸಾಲುಗಳ ನಡುವೆ ಇಂಗ್ಲಿಷ್‌ಗಿಂತ ಜಾಸ್ತಿ ಜಾಗ ಬಿಡಿ.

ಪ್ರೆಸ್‌ನಲ್ಲಿ ಇನ್ನೂ ಹಳೇ ನುಡಿ ಫಾಂಟ್, ಹಳೇ ಕೋರಲ್‌ಡ್ರಾ ಇರಬಹುದು. ಅಕ್ಷರಗಳನ್ನು ಕರ್ವ್ ಮಾಡಿ (ಚಿತ್ರದ ಗೆರೆಗಳಾಗಿ ಬದಲಿಸಿ) ಪಿಡಿಎಫ್ ಕಳಿಸಿ, ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು) ಬಿಡಿ. ಆಮೇಲೆ ತಿದ್ದುವುದಕ್ಕೆ ಕರ್ವ್ ಮಾಡದ ಕಾಪಿ ಒಂದನ್ನು ಬೇರೆ ಹೆಸರಲ್ಲಿ ಇಟ್ಟುಕೊಳ್ಳಿ. ಲಗ್ನದ ಮುಹೂರ್ತ 12-35 ಅಲ್ಲ, 12-25 ಅಂತ ಹುಡುಗಿಯ ಸೋದರಮಾವ ಫೋನ್ ಮಾಡುವುದು ಪತ್ರಿಕೆ ಪ್ರಿಂಟಿನ ಪ್ಲೇಟ್‌ಗೆ ಹೋಗುವ ಅರ್ಧ ತಾಸು ಮೊದಲೇ.